ಉಡುಪಿಯಿಂದ ಮುರ್ಡೇಶ್ವರ: ಮೂರು ದಿನದ ಕರಾವಳಿ ಪ್ರವಾಸಕ್ಕೆ ಯೋಜನೆ

[ದೃಶ್ಯ: ಕರಾವಳಿಯ ನಕ್ಷೆ, ಉಡುಪಿಯಿಂದ ಮುರ್ಡೇಶ್ವರದವರೆಗಿನ ಹೆದ್ದಾರಿ]

ನಮಸ್ಕಾರ. ಮೂರು ದಿನ ರಜೆ ಸಿಕ್ಕಿದರೆ ಮಂಗಳೂರಿನಿಂದ ಕಾರವಾರದವರೆಗೆ ಎಲ್ಲವನ್ನೂ ನೋಡಿಬಿಡಬೇಕೆಂಬ ಆಸೆ ಸಹಜ. ಆದರೆ 300 ಕಿಲೋಮೀಟರಿಗೂ ಉದ್ದವಾದ ಈ ಕರಾವಳಿಯನ್ನು ಅಷ್ಟರಲ್ಲಿ ಸುತ್ತ ಹೊರಟವರಿಗೆ ವಾಹನದ ಕಿಟಕಿಯಿಂದ ಕಂಡದ್ದಷ್ಟೇ ದಕ್ಕುತ್ತದೆ. ಆದ್ದರಿಂದ ಉಡುಪಿಯಿಂದ ಮುರ್ಡೇಶ್ವರದವರೆಗಿನ ಸುಮಾರು 100 ಕಿಲೋಮೀಟರ್ ಹಾದಿಯನ್ನು ಮಾತ್ರ ಆರಿಸಿಕೊಂಡಿದ್ದೇವೆ. ಗೋಕರ್ಣವನ್ನು ಬೇಕೆಂದೇ ಬಿಟ್ಟಿದ್ದೇವೆ, ಅದಕ್ಕೆ ಬೇರೆಯದೇ ಪ್ರವಾಸ ಬೇಕು.

ಯೋಜನೆಯಲ್ಲಿ ಸ್ಥಳಗಳ ಪಟ್ಟಿಗಿಂತ ಹೊತ್ತಿನ ಲೆಕ್ಕವೇ ಮುಖ್ಯ. ಇಲ್ಲಿನ ಬಹುತೇಕ ದೇವಸ್ಥಾನಗಳು ಮಧ್ಯಾಹ್ನದ ಪೂಜೆಯ ನಂತರ ಬಾಗಿಲು ಹಾಕಿ ಸಂಜೆಯಷ್ಟೇ ತೆರೆಯುತ್ತವೆ. ಅದೇ ಹೊತ್ತಿನಲ್ಲಿ ಮರಳು ಕಾಲಿಡಲಾಗದಷ್ಟು ಕಾದಿರುತ್ತದೆ. ಊಟದ ಹೋಟೆಲುಗಳಲ್ಲಿ ಒಳ್ಳೆಯ ಅಡುಗೆ ಬಿಸಿಯಾಗಿ ಸಿಗುವುದೂ ಆಗಲೇ. ಹಾಗಾಗಿ ಬೆಳಗ್ಗೆ ದೇವಸ್ಥಾನ, ಮಧ್ಯಾಹ್ನ ನಿಧಾನವಾದ ಊಟ ಮತ್ತು ವಿಶ್ರಾಂತಿ, ಸಂಜೆ ಕಡಲು ಎಂಬ ಕ್ರಮವನ್ನು ಸಾಧ್ಯವಾದಷ್ಟೂ ಮುರಿಯಬೇಡಿ.

[ದೃಶ್ಯ: ಉಡುಪಿಯ ರಥಬೀದಿ]

ಬೆಂಗಳೂರಿನಿಂದ ಸಂಜೆ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ ನಸುಕಿನಲ್ಲಿಯೇ ಉಡುಪಿಗೆ ತಲುಪಿಸುತ್ತದೆ. ರಥಬೀದಿಯಲ್ಲಿ ಮೊದಲು ಚಂದ್ರಮೌಳೀಶ್ವರ, ಬಳಿಕ ಅನಂತೇಶ್ವರ, ಆಮೇಲೆ ಶ್ರೀಕೃಷ್ಣ ಎನ್ನುವುದು ದರ್ಶನದ ಸಂಪ್ರದಾಯ. ಮಧ್ವಾಚಾರ್ಯರು 13ನೇ ಶತಮಾನದಲ್ಲಿ ಪ್ರತಿಷ್ಠಾಪಿಸಿದ ಕೃಷ್ಣನನ್ನು ಭಕ್ತರು ಒಂಬತ್ತು ರಂಧ್ರಗಳ ನವಗ್ರಹ ಕಿಂಡಿಯ ಮೂಲಕ ನೋಡುತ್ತಾರೆ. ಹೊರಗಡೆ ಇರುವ ಕನಕನ ಕಿಂಡಿಯ ಮುಂದೆಯೂ ಸ್ವಲ್ಪ ಹೊತ್ತು ನಿಲ್ಲಿ, ಏಕೆಂದರೆ ಕನಕದಾಸರ ಕೀರ್ತನೆ ಕೇಳಿ ಬೆಳೆದ ಯಾವ ಕನ್ನಡಿಗರಿಗೂ ಅದು ಬರಿಯ ಗೋಡೆಯ ಕಿಟಕಿಯಲ್ಲ. ಗಂಡಸರು ಅಂಗಿ ತೆಗೆದು ಒಳಗೆ ಹೋಗಬೇಕಾಗುತ್ತದೆ. ಮಧ್ಯಾಹ್ನ ಮಠದ ಭೋಜನಶಾಲೆಯಲ್ಲಿ ಪಂಕ್ತಿಯಲ್ಲಿ ಕುಳಿತು ಉಣ್ಣುವುದನ್ನು ತಪ್ಪಿಸಬೇಡಿ. ಸಮೀಪದ ಮಟ್ಟು ಗ್ರಾಮದ ಹೆಸರು ಹೊತ್ತ, ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಮಟ್ಟುಗುಳ್ಳದ ಹುಳಿ ಎಲ್ಲಿ ಸಿಕ್ಕರೂ ಬಡಿಸಿಕೊಳ್ಳಿ. ವಾದಿರಾಜ ಸ್ವಾಮಿಗಳೇ ಅದರ ಬೀಜವನ್ನು ಕೊಟ್ಟರೆಂಬ ನಂಬಿಕೆ ಊರಿನಲ್ಲಿದೆ. ಸಂಜೆ ಗೋಳಿಬಜೆ, ಬನ್ಸ್ ತಿಂದು, 1901ರಲ್ಲಿ ಕಟ್ಟಿದ ದೀಪಸ್ತಂಭವಿರುವ ಕಾಪು ಕಡಲತೀರಕ್ಕೆ ಹೋದರೆ ಮೊದಲ ದಿನ ತುಂಬುತ್ತದೆ.

[ದೃಶ್ಯ: ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳು]

ಎರಡನೆಯ ದಿನ ಮೇಲಿನ ಕ್ರಮವನ್ನು ಒಮ್ಮೆ ಮುರಿಯಲೇಬೇಕು. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿಯನ್ನು ಬೆಳಗ್ಗೆಯೇ ಹಿಡಿಯಿರಿ, ದ್ವೀಪದಲ್ಲಿ ನೆರಳು ಕಡಿಮೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ತಣಿಯುತ್ತಾ ಕುಗ್ಗಿ, ಬಿರುಕುಬಿಟ್ಟು, ಇಲ್ಲಿ ಐದಾರು ಮುಖಗಳ ಕಂಬಗಳಾಗಿ ನಿಂತಿದೆ. ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಫೋಟೋ ತೆಗೆಯುವ ಅವಸರದಲ್ಲಿ ಕಂಬಗಳನ್ನು ಹತ್ತಿ ಜಾರದಿರಿ, ಅವುಗಳ ಮೇಲೆ ಹೆಸರು ಕೆತ್ತಲೂಬೇಡಿ.

ಮಧ್ಯಾಹ್ನದ ಊಟಕ್ಕೆ ಕುಂದಾಪುರವೇ ಆಗಬೇಕೆಂದು ನಾವು ಒತ್ತಿ ಹೇಳುತ್ತೇವೆ. ಇಂದು ಊರೂರಿನ ಹೋಟೆಲುಗಳಲ್ಲಿ ಸಿಗುವ ಚಿಕನ್ ಘೀ ರೋಸ್ಟ್ ಹುಟ್ಟಿದ್ದು ಇಲ್ಲಿ. ಆದರೂ ನೀರುದೋಸೆಯ ಜೊತೆ ಕೋಳಿಸಾರು, ರವೆ ಹಚ್ಚಿ ಹುರಿದ ಕಾಣೆ, ಕುಚ್ಚಲಕ್ಕಿ ಅನ್ನಕ್ಕೆ ಬಂಗುಡೆ ಸಾರು ಇವುಗಳಲ್ಲಿ ಊರಿನ ನಿಜವಾದ ಕೈರುಚಿ ತಿಳಿಯುತ್ತದೆ. ಮೀನಿನ ಪಟ್ಟಿ ನೋಡುವ ಬದಲು, ಇವತ್ತು ಯಾವ ಮೀನು ಬಂದಿದೆ ಎಂದು ಕೇಳಿ, ಅದನ್ನೇ ತರಿಸಿಕೊಳ್ಳಿ. ಸಂಜೆಗೆ ಮರವಂತೆ: ಹೆದ್ದಾರಿಯ ಒಂದು ಬದಿಗೆ ಅರಬ್ಬಿ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ.

ಮೂರನೆಯ ಬೆಳಗ್ಗೆ ಬೇಗ ಹೊರಟರೆ ಬಿಸಿಲೇರುವ ಮೊದಲೇ ಮುರ್ಡೇಶ್ವರದಲ್ಲಿರಬಹುದು. 123 ಅಡಿಯ ಶಿವನ ಮೂರ್ತಿಯನ್ನೂ ಕಡಲನ್ನೂ ಒಟ್ಟಿಗೆ ನೋಡಬೇಕಾದರೆ ಲಿಫ್ಟ್‌ನಲ್ಲಿ ರಾಜಗೋಪುರ ಏರುವುದು ಒಳ್ಳೆಯದು. ಕೊಲ್ಲೂರು ಮೂಕಾಂಬಿಕೆಯ ದರ್ಶನ ಬೇಕೆನ್ನುವವರು ಮುರ್ಡೇಶ್ವರವನ್ನು ಬಿಟ್ಟು ಅಲ್ಲಿಗೇ ಹೋಗುವುದು ಲೇಸು. ಒಂದೇ ದಿನದಲ್ಲಿ ಎರಡನ್ನೂ ಸೇರಿಸಿದರೆ ಎರಡೂ ಕಡೆ ಸರದಿಯಲ್ಲಿ ಚಡಪಡಿಸುವುದೇ ಆಗುತ್ತದೆ.

ಇಲ್ಲಿ ಒಂದು ಮಾತನ್ನು ಗಂಭೀರವಾಗಿ ಹೇಳಬೇಕು. 2024ರ ಡಿಸೆಂಬರ್‌ನಲ್ಲಿ, ಕಡಲು ಶಾಂತವೆನಿಸುವ ಕಾಲದಲ್ಲಿಯೇ, ಮುರ್ಡೇಶ್ವರಕ್ಕೆ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಈಜು ಬಲ್ಲವರನ್ನೂ ಹಿಂದಕ್ಕೆಳೆಯುವ ಸೆಳೆತ ದಡದಿಂದ ಕಾಣುವುದಿಲ್ಲ. ಕೆಂಪು ಬಾವುಟವಿರುವಲ್ಲಿ ನೀರಿಗಿಳಿಯಬೇಡಿ, ಜೀವರಕ್ಷಕರು ಕೂಗಿದರೆ ವಾದಕ್ಕೆ ನಿಲ್ಲದೆ ಹೊರಗೆ ಬನ್ನಿ, ಮಕ್ಕಳ ಕೈ ಬಿಡಬೇಡಿ.

ಪ್ರವಾಸಕ್ಕೆ ನವೆಂಬರ್‌ನಿಂದ ಫೆಬ್ರವರಿ ಅನುಕೂಲದ ಕಾಲ. ಮಳೆಗಾಲದಲ್ಲಿ ದ್ವೀಪದ ದೋಣಿಗಳು ನಿಲ್ಲುತ್ತವೆ; ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಮೀನೂ ವಿರಳ. ರೈಲು ಟಿಕೆಟ್‌ಗಳ ಮುಂಗಡ ಕಾಯ್ದಿರಿಸುವಿಕೆ 60 ದಿನ ಮೊದಲು ತೆರೆಯುತ್ತದೆ. ವಾರಾಂತ್ಯಕ್ಕೆ ಹೊಂದಿಕೊಂಡ ರಜೆಯಾದರೆ ಹೋಗುವ ಮತ್ತು ಬರುವ ಎರಡೂ ಟಿಕೆಟ್‌ಗಳನ್ನು ಆಗಲೇ ಮಾಡಿಸಿ, ಬಳಿಕ ವಸತಿ ಹುಡುಕಿ.