ಎಫೆಸಸ್‌ಗೂ 40, ಹಂಪಿಗೂ 40

ಹಾಂ, ಈಗ ಸರಿ ಹೋಯಿತು. ಗಾಳಿ ಸದ್ದು ಸ್ವಲ್ಪ ಜಾಸ್ತಿ ಇದೆ, ಸಹಿಸಿಕೊಳ್ಳಿ. ಟರ್ಕಿಯ ಇಜ್ಮಿರ್‌ನಿಂದ ರೈಲಿನಲ್ಲಿ ಸೆಲ್ಚುಕ್‌ಗೆ ಬಂದು, ಅಲ್ಲಿಂದ ದೋಲ್ಮುಷ್ ಹತ್ತಿದೆವು. ನಮ್ಮ ಕಡೆ ಮ್ಯಾಕ್ಸಿಕ್ಯಾಬ್ ಅಂತೀವಲ್ಲ, ಅದೇ. ಇಳಿದ ಕೂಡಲೇ ಎಫೆಸಸ್ ಗೇಟು. ಗ್ರೀಕರ, ರೋಮನ್ನರ ಕಾಲದ ಹಾಳು ಊರು ಇದು.

ಟಿಕೆಟ್ ಬೋರ್ಡಿನಲ್ಲಿ 40 ಅಂತ ನೋಡಿ ನನಗೆ ಖುಷಿಯಾಯಿತು. ಹಂಪಿಯ ವಿಜಯ ವಿಠ್ಠಲ ದೇವಸ್ಥಾನಕ್ಕೂ 40 ತಾನೇ? ಆಮೇಲೆ ಪಕ್ಕದ ಚಿಹ್ನೆ ಕಾಣಿಸಿತು. ಅದು ಯೂರೋ. ಒಂದು ಯೂರೋಗೆ ಬರೀ 100 ರೂಪಾಯಿ ಅಂತ ಹಿಡಿದರೂ ಒಬ್ಬರಿಗೆ 4,000. ನಾನು, ಅಕ್ಕ ಇಬ್ಬರಿಗೆ 8,000. ಆಗ ನನ್ನ ಬಾಯಲ್ಲಿ ಬಂದ ಮಾತನ್ನು ಎಡಿಟ್‌ನಲ್ಲಿ ತೆಗೆದಿದ್ದೇನೆ. ಅಕ್ಕ ಅಂದಳು, "ಹೊರಗಿಂದಲೇ ಜೂಮ್ ಮಾಡಿ ತೋರಿಸೋ, ಸಾಕು."

ಇನ್ನೊಂದು ಲೆಕ್ಕವೂ ಇದೆ. ಹಂಪಿಗೆ ಬರುವ ವಿದೇಶಿಯರಿಂದ ನಾವು 600 ತಗೋತೀವಿ. ನಮ್ಮವರ ಟಿಕೆಟ್ಟಿಗಿಂತ 15 ಪಟ್ಟು. ಅವರಿಗೂ ಕೌಂಟರ್ ಮುಂದೆ ಹೀಗೇ ಹೊಟ್ಟೆ ಉರಿದಿರುತ್ತದೆ. ಹಾಗಾಗಿ ನಾನು ದೂರುವುದು ನ್ಯಾಯ ಅಲ್ಲ. ಆದರೂ 600 ಎಲ್ಲಿ, 4,000 ಎಲ್ಲಿ! ಇಲ್ಲ, ದೂರುತ್ತೇನೆ.

ಅಯ್ಯೋ, ಥಿಯೇಟರ್ ಬಂದೇ ಬಿಟ್ಟಿತು. ಸುಮಾರು 25,000 ಜನ ಕೂರಬಹುದಿತ್ತು. ಶುರು ಮಾಡಿದ್ದು ಗ್ರೀಕರು, ದೊಡ್ಡದು ಮಾಡಿದ್ದು ರೋಮನ್ನರು. ಈ ಊರಿನ ಕಥೆಯೂ ಹೆಚ್ಚುಕಡಿಮೆ ಅಷ್ಟೇ. ಬೈಬಲ್‌ನಲ್ಲಿ ಈ ಜಾಗದ ಒಂದು ಗಲಾಟೆ ಬರುತ್ತದೆ. ಸಂತ ಪೌಲ ಬಂದು ಕೈಯಲ್ಲಿ ಮಾಡಿದ್ದು ದೇವರಲ್ಲ ಅಂದ. ಇಲ್ಲಿನ ಅಕ್ಕಸಾಲಿಗರು ಆರ್ಟೆಮಿಸ್ ದೇವಿಯ ಪುಟ್ಟ ಬೆಳ್ಳಿ ಗುಡಿಗಳನ್ನು ಮಾರಿಕೊಂಡಿದ್ದವರು. ವ್ಯಾಪಾರಕ್ಕೆ ಕಲ್ಲು ಬಿತ್ತಲ್ಲ! ಜನ ಸೇರಿಸಿದರು. ಸೇರಿದವರು ಇದೇ ಥಿಯೇಟರಿನಲ್ಲಿ ಎರಡು ಗಂಟೆ ಹೊತ್ತು "ನಮ್ಮ ಆರ್ಟೆಮಿಸ್ ದೊಡ್ಡವಳು" ಅಂತ ಕೂಗಿದರಂತೆ. ನಾನು ಕೌಂಟರ್ ಹತ್ತಿರ ಎರಡೇ ನಿಮಿಷ ಕೂಗಿದ್ದು.

ಮುಂದೆ ನೇರವಾಗಿ ಹೋಗುವ ಆ ರಸ್ತೆ ಬಂದರಿಗೆ. ಬಂದರು ಎಲ್ಲಿ ಅಂತ ಹುಡುಕಬೇಡಿ, ಅಲ್ಲಿ ಈಗ ಜೊಂಡು ಬೆಳೆದಿದೆ. ನದಿ ಹೂಳು ತಂದು ತಂದು ಸಮುದ್ರವನ್ನೇ ಕಿಲೋಮೀಟರ್‌ಗಟ್ಟಲೆ ದೂರ ತಳ್ಳಿಬಿಟ್ಟಿದೆ. ರೋಮನ್ನರ ಏಷ್ಯಾ ಪ್ರಾಂತ್ಯದ ರಾಜಧಾನಿ ಕೊನೆಗೆ ಖಾಲಿಯಾಗಲು ದೊಡ್ಡ ಕಾರಣ ಈ ಕೆಸರು.

ಬೆಕ್ಕು! ನೋಡಿ, ಕಂಬದ ಮೇಲೆ. ಇಲ್ಲಿ ಎಲ್ಲಿ ನೋಡಿದರೂ ಬೆಕ್ಕು. ಇವುಗಳಿಗೆ ಟಿಕೆಟ್ ಇಲ್ಲ.

ಇದು ಸೆಲ್ಸಸ್ ಗ್ರಂಥಾಲಯ. ಫೋಟೋಗಳಲ್ಲಿ ನೋಡಿ ನೋಡಿ ಬೇಜಾರಾಗಿದೆ ಅಂದುಕೊಂಡಿದ್ದೆ. ಎದುರು ನಿಂತಾಗ ಮಾತೇ ಬರಲಿಲ್ಲ. ಮಗ ಅಪ್ಪನ ನೆನಪಿಗೆ ಕಟ್ಟಿಸಿದ್ದು, ಅಪ್ಪನ ಸಮಾಧಿ ಇದರ ಕೆಳಗೇ ಇದೆ. ಬಿದ್ದಿದ್ದ ಈ ಮುಂಭಾಗವನ್ನು 1970ರ ದಶಕದಲ್ಲಿ ಆಸ್ಟ್ರಿಯಾದವರು ಮತ್ತೆ ಎತ್ತಿ ನಿಲ್ಲಿಸಿದರು. ಈ ನಾಲ್ಕು ಹೆಂಗಸರ ಪ್ರತಿಮೆ ಮಾತ್ರ ನಕಲು. ಅಸಲಿ ವಿಯೆನ್ನಾದಲ್ಲಿದೆ. ಅಂದರೆ ಅದನ್ನು ನೋಡಲು ಬೇರೆ ವೀಸಾ, ಬೇರೆ ಟಿಕೆಟ್. ಇದು ನನಗೆ ಹಿಡಿಸಲಿಲ್ಲ.

ನಾವು ಕೆಳಗಿನ ಗೇಟಿನಿಂದ ಬಂದಿದ್ದು ತಪ್ಪಾಯಿತು. ಮೇಲಿನ ಗೇಟಿನಿಂದ ಬಂದರೆ ಇಳಿಜಾರು. ಈಗ ಬಿಸಿಲಲ್ಲಿ ಅಮೃತಶಿಲೆಯ ಮೇಲೆ ಏರಬೇಕು. ಸಾವಿರಾರು ವರ್ಷ ಜನ ಸವೆಸಿದ ಕಲ್ಲು, ಚಪ್ಪಲಿ ಜಾರುತ್ತದೆ. ಇದು ಶೌಚಾಲಯ. ಸಾಲಾಗಿ ತೂತು, ಮಧ್ಯೆ ಗೋಡೆಯೂ ಇಲ್ಲ. ಅಕ್ಕ ಬೇಡ ಅಂದಳು, ಹಾಗಾಗಿ ಕೂತು ತೋರಿಸಿಲ್ಲ.

ಇಲ್ಲಿ ನನಗೆ ನಿಜಕ್ಕೂ ಸಿಟ್ಟು ಬಂತು. ಶ್ರೀಮಂತರ ಮನೆಗಳ ಸಾಲಿಗೆ ಬೇರೆ ಟಿಕೆಟ್! 40 ಕೊಟ್ಟ ಮೇಲೆ! ನಾನು ಬರಲ್ಲ ಅಂದೆ. ಅಕ್ಕ ಮಾತಾಡದೆ ಕಾರ್ಡ್ ತೆಗೆದು ಕೊಟ್ಟಳು. ಒಳಗೆ ಹೋದ ಮೇಲೆ ನಾನು ಬಾಯಿ ಮುಚ್ಚಿಕೊಂಡೆ. ಮೇಲೆ ಚಾವಣಿ ಹಾಕಿದ್ದಾರೆ, ನೆರಳು. ಗೋಡೆಯ ಬಣ್ಣ ಇನ್ನೂ ಹಾಗೇ ಇದೆ. ನೆಲದಲ್ಲಿ ಮೊಸಾಯಿಕ್ ಸಿಂಹ. ಗೋಡೆ ಮೇಲೆ ಆ ಕಾಲದವರು ಗೀಚಿದ್ದೂ ಇದೆ, ಅದರಲ್ಲಿ ಸಾಮಾನಿನ ಹೆಸರು, ಅದಕ್ಕೆಷ್ಟಾಯಿತು ಅನ್ನುವ ಲೆಕ್ಕ. ನಮ್ಮಮ್ಮ ಕ್ಯಾಲೆಂಡರ್ ಮೇಲೆ ಹಾಲಿನ ಲೆಕ್ಕ ಬರೆಯುತ್ತಿದ್ದ ಹಾಗೆ. ಇಡೀ ಎಫೆಸಸ್‌ನಲ್ಲಿ ನನಗೆ ತುಂಬಾ ಇಷ್ಟವಾಗಿದ್ದು ಇದೇ. ಗ್ರಂಥಾಲಯ ಎರಡನೆಯದು. ದುಡ್ಡು ಉಳಿಸಬೇಕಾದರೆ ಊಟದಲ್ಲಿ ಉಳಿಸಿ, ಇದನ್ನು ಬಿಡಬೇಡಿ.

ಇದು ಕೊನೆ ಶಾಟ್, ಬ್ಯಾಟರಿ ಕೆಂಪಾಗಿದೆ. ಸೆಲ್ಚುಕ್‌ಗೆ ವಾಪಸ್ ಬರುವ ದಾರಿಯ ಆರ್ಟೆಮಿಸ್ ದೇವಾಲಯ. ಹಳೇ ಲೋಕದ ಏಳು ಅದ್ಭುತಗಳಲ್ಲಿ ಒಂದು. ನಿಂತಿರುವುದು ಒಂದೇ ಕಂಬ, ಅದೂ ತುಂಡು ತುಂಡು ಜೋಡಿಸಿದ್ದು, ತುದಿಯಲ್ಲಿ ಕೊಕ್ಕರೆ ಗೂಡು. ಕ್ರಿ.ಪೂ. 356ರಲ್ಲಿ ಒಬ್ಬ ಬರೀ ಹೆಸರು ಮಾಡಲು ಇದಕ್ಕೆ ಬೆಂಕಿ ಇಟ್ಟನಂತೆ. ಆಗ ಯೂಟ್ಯೂಬ್ ಇರಲಿಲ್ಲ, ಪಾಪ. ಅವನ ಹೆಸರು ಎತ್ತಬಾರದು ಅಂತ ಊರವರು ಕಟ್ಟಪ್ಪಣೆ ಮಾಡಿದರು, ನಾನೂ ಎತ್ತಲ್ಲ. ಮತ್ತೆ ಕಟ್ಟಿದರು, ಅದೂ ಉಳಿಯಲಿಲ್ಲ. ಹಾಂ, ಇಲ್ಲಿ ಟಿಕೆಟ್ ಇಲ್ಲ. ಅಕ್ಕ ಎರಡು ಸಲ ಕೇಳಿ ಖಚಿತ ಮಾಡಿಕೊಂಡಳು. ಏ, ದೋಲ್ಮುಷ್ ಬಂತು, ಓಡು ಅಕ್ಕಾ…