ಸುಣ್ಣಕಟ್ಟಿದ ಹುಳು

ಕೇಳುಗರೆಲ್ಲರಿಗೂ ನಮಸ್ಕಾರ.

ರೇಷ್ಮೆ ಹುಳು ಸಾಕುವ ಮನೆಯವರಿಗೆ ಸುಣ್ಣಕಟ್ಟು ರೋಗ ಅಂದರೆ ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲ, ಚಳಿಗಾಲ ಬಂತೆಂದರೆ ಅದರದೇ ಭಯ. ನಿನ್ನೆವರೆಗೂ ಸೊಪ್ಪು ತಿನ್ನುತ್ತಿದ್ದ ಹುಳು ಇವತ್ತು ಸೊಪ್ಪು ಮುಟ್ಟುವುದಿಲ್ಲ. ಸಾಯುತ್ತದೆ, ಮೈ ಬಿಗಿಯುತ್ತದೆ. ಆಮೇಲೆ ಸೀಮೆಸುಣ್ಣದ ತುಂಡಿನ ಹಾಗೆ ಬೆಳ್ಳಗಾಗುತ್ತದೆ. ಮುಟ್ಟಿದರೆ ಕೈಗೆ ಬಿಳಿ ಪುಡಿ ಹತ್ತುತ್ತದೆ. ಆ ಪುಡಿ ಬೂಷ್ಟಿನ ಬೀಜಕಣಗಳು. ಅಂಥ ಹುಳುಗಳು ತಟ್ಟೆಯಲ್ಲೇ ಉಳಿದರೆ ಇಡೀ ಬೆಳೆ ಕೈಬಿಡಬಹುದು.

ಈ ರೋಗದ ಗುಟ್ಟು ಬಿಡಿಸಿದವರು ಇಟಲಿಯ ಲೋದಿ ಪಟ್ಟಣದ ಕಡೆಯ ಅಗಸ್ಟಿನೊ ಬಾಸಿ. ಅವರು ಓದಿದ್ದು ಕಾನೂನು. 1807ರಲ್ಲಿ ರೇಷ್ಮೆ ಹುಳುವಿನ ಕಾಯಿಲೆಯ ಹಿಂದೆ ಬಿದ್ದರು. ಮೊದಲು ಆಹಾರ, ಹವೆ ಕೆಟ್ಟು ಬರುವ ರೋಗ ಅಂದುಕೊಂಡಿದ್ದರು. ವರ್ಷಗಟ್ಟಲೆ ಆ ದಾರಿಯಲ್ಲೇ ಸೋತರು. ಕಣ್ಣೂ ಮಂದವಾಗುತ್ತಾ ಬಂತು. ಕೊನೆಗೆ ಸತ್ತ ಹುಳುವಿನ ಬಿಳಿ ಪುಡಿಯನ್ನು ಸೂಜಿಯ ಮೊನೆಯಲ್ಲಿ ತೆಗೆದು ಒಳ್ಳೆಯ ಹುಳುವಿಗೆ ಚುಚ್ಚಿದರು. ಅದಕ್ಕೂ ರೋಗ ಬಂತು. 1835ರಲ್ಲಿ ಇದನ್ನು ಪ್ರಕಟಿಸಿದರು. ಸೂಕ್ಷ್ಮಜೀವಿಯಿಂದ ಪ್ರಾಣಿಗೆ ರೋಗ ಬರುತ್ತದೆ ಎಂದು ಪ್ರಯೋಗದಿಂದ ತೋರಿಸಿದ ಮೊದಲ ಕೆಲಸ ಅದು. ಸೂಕ್ಷ್ಮಜೀವಿ ವಿಜ್ಞಾನದಲ್ಲಿ ಹೆಸರಾದ ಪಾಶ್ಚರ್, ಕಾಕ್ ಬಂದದ್ದು ಆಮೇಲೆ. ಆ ಬೂಷ್ಟಿಗೆ ಇವತ್ತಿಗೂ ಬಾಸಿಯ ಹೆಸರೇ ಇದೆ, ಬ್ಯೂವೇರಿಯಾ ಬಾಸಿಯಾನಾ.

ಯಾವುದರಿಂದ ಅನ್ನುವುದು ಗೊತ್ತಾಯಿತು. ಹೇಗೆ ಅನ್ನುವುದು ತಿಳಿಯಲು ಜೀನ್‌ಗಳ, ಅಂದರೆ ವಂಶವಾಹಿಗಳ, ವಿಜ್ಞಾನ ಬರಬೇಕಾಯಿತು. ಅದರ ಒಂದು ಮುಖ್ಯ ವಿಧಾನ ತುಂಬಾ ಸರಳ. ಸಾರಿಗೆ ರುಚಿ ಯಾವುದರಿಂದ ಬಂತು ಎಂದು ತಿಳಿಯಲು ಒಂದು ದಿನ ಹಿಂಗು ಬಿಟ್ಟು ಮಾಡಿ ನೋಡುತ್ತೇವೆ, ಅಲ್ವಾ? ಹಾಗೆಯೇ ಬೂಷ್ಟಿನ ಒಂದೇ ಒಂದು ಜೀನ್ ಕೆಡಿಸಿ, ಅದನ್ನು ಹುಳುವಿನ ಮೇಲೆ ಬಿಟ್ಟು ನೋಡುವುದು. ಹುಳು ಬದುಕಿತೋ, ಆ ಜೀನ್ ಬೂಷ್ಟಿನ ಆಯುಧ ಎಂದು ಅರ್ಥ.

ಮೆಟರೈಜಿಯಂ ಎಂಬ ಇನ್ನೊಂದು ಕೀಟದ ಬೂಷ್ಟಿನ ಮೇಲೆ ಈ ಕೆಲಸ ಬಹಳ ನಡೆದಿದೆ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ರೇಮಂಡ್ ಸೇಂಟ್ ಲೆಜರ್ ಮತ್ತು ಅವರ ಜೊತೆಯವರು ಅದರ ಒಂದೊಂದೇ ಆಯುಧವನ್ನು ಹೊರತೆಗೆದರು. ಬೀಜಕಣ ಕೀಟದ ಮೈಗೆ ಅಂಟಲು ಒಂದು ಪ್ರೋಟೀನ್ ಬೇಕು. ಬೇರಿಗೆ ಅಂಟಲು ಬೇರೆಯದೇ ಪ್ರೋಟೀನ್. ಈ ಬೂಷ್ಟು ಗಿಡದ ಬೇರಿನ ಜೊತೆಗೂ ಬಾಳುತ್ತದೆ, ಅದಕ್ಕೇ ಎರಡು ಬಗೆಯ ಅಂಟು. ಅಂಟಿದ ಮೇಲೆ ಮೊಳಕೆ ಒಡೆದು, ಚರ್ಮದ ಪ್ರೋಟೀನ್ ಕರಗಿಸುವ ಕಿಣ್ವ ಬಿಟ್ಟು, ಒತ್ತಿ ಒಳಗೆ ನುಗ್ಗುತ್ತದೆ.

ಒಳಗೆ ಕೀಟದ ರಕ್ತಕಣಗಳು ಕಾವಲು ಕಾಯುತ್ತಿರುತ್ತವೆ. ಇಲ್ಲಿ ಬೂಷ್ಟು ಮಾಡುವ ಕೆಲಸ ನನಗೆ ಎಷ್ಟು ಸಲ ಓದಿದರೂ ಬೆರಗು. ಕೀಟದ ರಕ್ತ ತಾಕಿದ 20 ನಿಮಿಷದೊಳಗೆ ಅದು ಒಂದು ಜೀನ್ ಚಾಲೂ ಮಾಡುತ್ತದೆ. ಮೈಮೇಲೆ ಒಂದು ಹೊದಿಕೆ ಹೊದ್ದುಕೊಳ್ಳುತ್ತದೆ. ಕಾವಲಿನವರಿಗೆ ಅದರ ಗುರುತೇ ಸಿಗುವುದಿಲ್ಲ. ಆ ಒಂದು ಜೀನ್ ಕೆಡಿಸಿದರೆ ರಕ್ತಕಣಗಳು ಬೂಷ್ಟನ್ನು ಸುತ್ತುವರಿದು ಹಿಡಿಯುತ್ತವೆ.

ಈಗ ಮನುಷ್ಯರ ಕಡೆ ಬರೋಣ. ಪಾರಿವಾಳದ ಹಿಕ್ಕೆಯಲ್ಲಿ ಕ್ರಿಪ್ಟೊಕಾಕಸ್ ಎಂಬ ಶಿಲೀಂಧ್ರ, ಅಂದರೆ ಬೂಷ್ಟಿನ ಬಳಗದ ಜೀವಿ, ಇರುತ್ತದೆ. ರೋಗನಿರೋಧಕ ಶಕ್ತಿ ಕುಂದಿದವರಿಗೆ, ಅದರಲ್ಲೂ ಎಚ್‌ಐವಿ ಇರುವವರಿಗೆ, ಅದು ಮಿದುಳಿನ ಪೊರೆಯ ಉರಿಯೂತ ತರುತ್ತದೆ. ಅದಕ್ಕೂ ಒಂದು ಹೊದಿಕೆ ಇದೆ, ಸಕ್ಕರೆಯ ಜಾತಿಯ ದಪ್ಪ ಲೋಳೆ. ಹೊದಿಕೆ ಕಟ್ಟಲಾರದ ತಳಿಯಿಂದ ಇಲಿಗಳು ಸಾಯಲಿಲ್ಲ. ಕಾಣೆಯಾಗಿದ್ದ ಜೀನ್ ಮರಳಿ ಕೊಟ್ಟರು, ಮತ್ತೆ ಕೊಲ್ಲಲು ಶುರುಮಾಡಿತು. ಇದು 1994ರ ಪ್ರಯೋಗ. ಹೊದಿಕೆ ಬೇರೆ, ಜೀನ್ ಬೇರೆ, ಉಪಾಯ ಮಾತ್ರ ಒಂದೇ.

ಹಾಗಾದರೆ ಸುಣ್ಣಕಟ್ಟು ನಮಗೇಕೆ ಬರುವುದಿಲ್ಲ? ನಮ್ಮ ಮೈಯ ಬಿಸಿ 37 ಡಿಗ್ರಿ. ಬ್ಯೂವೇರಿಯಾಕ್ಕೆ ಬೇಕಾದದ್ದು ಸುಮಾರು 25 ಡಿಗ್ರಿಯ ತಂಪು. ಅದು ಮನುಷ್ಯರಿಗೆ ತಗಲುವುದು ಬಹಳ ಅಪರೂಪ. ನಮ್ಮನ್ನು ಕಾಡುವ ಶಿಲೀಂಧ್ರಗಳು ಈ ಬಿಸಿ ತಡೆಯಬಲ್ಲವು. ಯಾವ ಜೀನ್‌ಗಳ ಬಲದಿಂದ ತಡೆಯುತ್ತವೆ ಎನ್ನುವುದನ್ನೂ ಹುಡುಕುತ್ತಿದ್ದಾರೆ.

ಈ ಹುಡುಕಾಟದಲ್ಲಿ ನೆರವಿಗೆ ಬಂದಿರುವುದು ಜೇನುಗೂಡಿನ ಎರಿ ತಿನ್ನುವ ಮೇಣದ ಹುಳು. ಜೇನು ಸಾಕುವವರಿಗೆ ಅದು ಶತ್ರು. ಆದರೆ 37 ಡಿಗ್ರಿಯಲ್ಲೂ ಬದುಕುತ್ತದೆ. ಅದಕ್ಕೇ ಮನುಷ್ಯರ ಶಿಲೀಂಧ್ರವನ್ನು ಮೊದಲು ಇದಕ್ಕೆ ಚುಚ್ಚಿ ನೋಡುತ್ತಾರೆ. ಜಪಾನಿನಲ್ಲಿ ರೇಷ್ಮೆ ಹುಳುವನ್ನೂ ಇದೇ ಕೆಲಸಕ್ಕೆ ಬಳಸಿದ್ದಾರೆ. ನಮ್ಮ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ವಿಜ್ಞಾನ ಸಂಶೋಧನಾ ಕೇಂದ್ರದಲ್ಲಿ ಕ್ರಿಪ್ಟೊಕಾಕಸ್ ಮತ್ತು ಕ್ಯಾಂಡಿಡಾ ಎಂಬ ಇನ್ನೊಂದು ಶಿಲೀಂಧ್ರದ ವರ್ಣತಂತುಗಳ, ಅಂದರೆ ಜೀನ್‌ಗಳನ್ನು ಹೊತ್ತ ಎಳೆಗಳ, ಬಗ್ಗೆ ವರ್ಷಗಳಿಂದ ಸಂಶೋಧನೆ ನಡೆದಿದೆ.

ಇಷ್ಟೆಲ್ಲ ಯಾಕೆ ಬೇಕು ಅಂದರೆ, ಶಿಲೀಂಧ್ರಕ್ಕೆ ಔಷಧಿ ಮಾಡುವುದು ಕಷ್ಟ. ಬ್ಯಾಕ್ಟೀರಿಯಾಗಿಂತ ಅವು ನಮಗೆ ಹತ್ತಿರದ ನೆಂಟರು. ಅವಕ್ಕೆ ತಗಲುವ ವಿಷ ಎಷ್ಟೋ ಸಲ ನಮಗೂ ತಗಲುತ್ತದೆ. ಅವಕ್ಕೆ ಮಾತ್ರ ಬೇಕಾದ, ನಮಗೆ ಬೇಡವಾದ ಜೀನ್ ಹುಡುಕಬೇಕು. ಸಿಕ್ಕ ಔಷಧಿಗಳೂ ಮೊಂಡಾಗುತ್ತಿವೆ. ಆಸ್ಪರ್ಜಿಲಸ್ ಫ್ಯೂಮಿಗೇಟಸ್ ಶ್ವಾಸಕೋಶದ ರೋಗ ತರುವ ಶಿಲೀಂಧ್ರ. ಅದಕ್ಕೆ ಕೊಡುವುದು ಏಜೋಲ್ ಗುಂಪಿನ ಔಷಧಿ. ಅದೇ ಗುಂಪಿನ ಔಷಧಿಗಳನ್ನು ಬೆಳೆಗಳಿಗೂ ಸಿಂಪಡಿಸುತ್ತೇವೆ. ಹೊಲದಲ್ಲೇ ಆ ಶಿಲೀಂಧ್ರದ ಒಂದು ಜೀನ್ ಬದಲಾಗಿ ಔಷಧಿಗೆ ಬಗ್ಗದ ತಳಿಗಳು ಹುಟ್ಟಿವೆ. ಯುರೋಪಿನಲ್ಲೂ ಸಿಕ್ಕಿವೆ, ಭಾರತದಲ್ಲೂ ಸಿಕ್ಕಿವೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಗಮನ ಕೊಡಲೇಬೇಕಾದ 19 ಶಿಲೀಂಧ್ರಗಳ ಪಟ್ಟಿ ಮಾಡಿತು. ಆಸ್ಪರ್ಜಿಲಸ್ ಫ್ಯೂಮಿಗೇಟಸ್, ಕ್ರಿಪ್ಟೊಕಾಕಸ್ ಎರಡೂ ಅದರ ಮೇಲಿನ ಸಾಲಿನಲ್ಲಿವೆ.

ಇದೇ ತಿಳುವಳಿಕೆಯಿಂದ ಬೂಷ್ಟನ್ನು ನಮ್ಮ ಕಡೆಗೆ ತಿರುಗಿಸಿಕೊಳ್ಳಲೂ ಆಗುತ್ತದೆ. ಜೇಡದ ವಿಷದ ಜೀನನ್ನು ಮೆಟರೈಜಿಯಂಗೆ ಸೇರಿಸಿ, ಆಫ್ರಿಕಾದ ಬುರ್ಕಿನಾ ಫಾಸೊದಲ್ಲಿ ಪರೀಕ್ಷಿಸಿ ನೋಡಿದರು. ಅದರ ಬೀಜಕಣವನ್ನು ಎಳ್ಳೆಣ್ಣೆಯಲ್ಲಿ ಕಲಸಿ, ಕಪ್ಪು ಬಟ್ಟೆಗೆ ಹಚ್ಚಿ, ಬಲೆ ಕಟ್ಟಿದ ಆವರಣದಲ್ಲಿ ತೂಗುಹಾಕಿದರು. ಎರಡು ತಲೆಮಾರಿನೊಳಗೆ ಮಲೇರಿಯಾ ಸೊಳ್ಳೆಯ ಸಂತತಿ ಕುಸಿಯಿತು. 2019ರಲ್ಲಿ ಪ್ರಕಟವಾದ ಪ್ರಯೋಗ ಇದು.

ನಮ್ಮಲ್ಲಂತೂ ಬ್ಯೂವೇರಿಯಾ ಈಗಾಗಲೇ ಅಂಗಡಿಯಲ್ಲಿ ಸಿಗುತ್ತದೆ, ಜೀನ್ ತಿದ್ದದೆ ಇರುವುದು. ಕಾಫಿ ಕಾಯಿ ಕೊರಕಕ್ಕೆ ತೋಟಗಳಲ್ಲಿ ಬಳಸುತ್ತಾರೆ. ಬಳಸುವವರಲ್ಲಿ ನನ್ನದೊಂದು ಕೋರಿಕೆ. ಕೊರಕವನ್ನು ಕೊಲ್ಲುವ ಆ ಪುಡಿಗೆ ರೇಷ್ಮೆ ಹುಳುವೂ ಒಂದೇ. ಹಿಪ್ಪುನೇರಳೆ ತೋಟದ ಹತ್ತಿರ ಸಿಂಪಡಿಸಬೇಡಿ. ಪಕ್ಕದಲ್ಲಿ ಹುಳು ಸಾಕುವ ಮನೆ ಇದ್ದರೆ ಮೊದಲು ಅವರೊಂದಿಗೆ ಮಾತಾಡಿ. ಹುಳು ಸಾಕುವವರು ಸತ್ತ ಹುಳುವನ್ನು ಬೆಳ್ಳಗಾಗುವ ಮೊದಲೇ ಆರಿಸಿ ಸುಟ್ಟುಬಿಡಿ. ಬೆಳ್ಳಗಾದ ಮೇಲೆ ಪುಡಿ ಗಾಳಿಗೆ ಹಾರುತ್ತದೆ.

ನಮಸ್ಕಾರ.