200 ಡಾಲರ್ ಸಂಬಳಕ್ಕೆ ಮೇಯರ್ ಆದ ರೆಸ್ಟೋರೆಂಟ್ ಮಾಲೀಕ

[ದೃಶ್ಯ: ಕಡಲ ದಂಡೆ, ಮರಗಳ ನಡುವೆ ಪುಟ್ಟ ಮನೆಗಳು]

ನಮಸ್ಕಾರ. ಹಾಲಿವುಡ್ ನಟ ಕ್ಲಿಂಟ್ ಈಸ್ಟ್‌ವುಡ್ ಅಂದ ತಕ್ಷಣ ಕುದುರೆ, ಟೋಪಿ, ಪಿಸ್ತೂಲು ನೆನಪಾಗುತ್ತವೆ, ಅಲ್ವಾ? ಇವತ್ತು ಸಿನಿಮಾ ಬೇಡ. ಅವರು ಎರಡು ವರ್ಷ ಮಾಡಿದ ಇನ್ನೊಂದು ಕೆಲಸದ ಬಗ್ಗೆ ಮಾತಾಡೋಣ.

ಕ್ಯಾಲಿಫೋರ್ನಿಯಾದಲ್ಲಿ ಕಾರ್ಮೆಲ್-ಬೈ-ದ-ಸೀ ಅಂತ ಒಂದು ಊರಿದೆ. ಇಡೀ ಊರು ಸೇರಿದರೆ ಒಂದು ಚದರ ಮೈಲಿ. ಆಗ ಜನ ಸುಮಾರು 5,000. ಮನೆಗಳಿಗೆ ನಂಬರ್ ಇರಲಿಲ್ಲ. ಕಾಗದ ಬೇಕಾದರೆ ಪೋಸ್ಟ್ ಆಫೀಸಿಗೆ ನೀವೇ ಹೋಗಬೇಕಿತ್ತು. ಮರದ ಬೇರುಗಳು ಫುಟ್‌ಪಾತನ್ನು ಎತ್ತಿಬಿಟ್ಟಿವೆ. ಎಡವಿ ಬಿದ್ದವರು ಊರಿನ ಮೇಲೆ ಕೇಸ್ ಹಾಕಬಾರದು ಅಂತ, ಹೈ ಹೀಲ್ಸ್ ಹಾಕಲು ಪರ್ಮಿಟ್ ಬೇಕೆಂದು 1963ರಲ್ಲೇ ಕಾನೂನು ಮಾಡಿದ್ದರು!

ಈಸ್ಟ್‌ವುಡ್‌ಗೆ ಅಲ್ಲಿ ಹಾಗ್ಸ್ ಬ್ರೆತ್ ಇನ್ ಅನ್ನುವ ರೆಸ್ಟೋರೆಂಟ್ ಇತ್ತು. ಊರಲ್ಲಿ ಒಂದು ಕಟ್ಟಡ ಕಟ್ಟಲು ಹೊರಟರು. ಸಿಟಿ ಕೌನ್ಸಿಲ್ ಪ್ಲ್ಯಾನ್ ಒಪ್ಪಲಿಲ್ಲ. ವಿಷಯ ಕೋರ್ಟಿಗೆ ಹೋಗಿ, ಕೊನೆಗೆ ರಾಜಿಯಾಯಿತು. ಅಂಗಡಿ ಇಟ್ಟವರಿಗೆ ಈ ಸಂಕಟ ಗೊತ್ತು. ಜಾಗ ನಮ್ಮದು, ದುಡ್ಡು ನಮ್ಮದು, ಫೈಲ್ ಮಾತ್ರ ಇನ್ನೊಬ್ಬರ ಟೇಬಲ್ ಮೇಲೆ.

[ದೃಶ್ಯ: ಮತಪೆಟ್ಟಿಗೆ]

ಆಮೇಲೆ ಈಸ್ಟ್‌ವುಡ್ ತಾವೇ ಮೇಯರ್ ಚುನಾವಣೆಗೆ ನಿಂತರು. 1986ರ ಏಪ್ರಿಲ್ 8, ಮತದಾನ. ಈಸ್ಟ್‌ವುಡ್‌ಗೆ 2,166 ಮತ. ಹಾಲಿ ಮೇಯರ್ ಶಾರ್ಲೆಟ್ ಟೌನ್‌ಸೆಂಡ್‌ಗೆ 799. ನಮ್ಮಲ್ಲಿ ಕಾರ್ಪೊರೇಟರ್‌ಗಳು ಮೇಯರನ್ನು ಆರಿಸುತ್ತಾರೆ. ಅಲ್ಲಿ ಜನರೇ ನೇರವಾಗಿ ಆರಿಸುತ್ತಾರೆ. ಸಂಬಳ ತಿಂಗಳಿಗೆ 200 ಡಾಲರ್. ಕೌನ್ಸಿಲ್‌ನಲ್ಲಿ ಇರುವುದೇ ಐದು ಮತ, ಮೇಯರ್‌ದು ಅದರಲ್ಲಿ ಒಂದು. ಎಷ್ಟೇ ದೊಡ್ಡ ಸ್ಟಾರ್ ಆಗಿರಲಿ, ಇನ್ನಿಬ್ಬರು ಕೈ ಎತ್ತದೆ ಏನೂ ನಡೆಯಲ್ಲ.

ರಸ್ತೆಯಲ್ಲಿ ತಿನ್ನಲು ಐಸ್ ಕ್ರೀಂ ಮಾರುವುದಕ್ಕೂ ಅಲ್ಲಿ ಅಡ್ಡಿ ಇತ್ತು. ಅದನ್ನು ಸಡಿಲಿಸಿದರು. ಸಾರ್ವಜನಿಕ ಶೌಚಾಲಯ, ಬೀಚಿಗೆ ಕಾಲುದಾರಿ, ಪಾರ್ಕಿಂಗ್, ಗ್ರಂಥಾಲಯಕ್ಕೆ ಇನ್ನೊಂದು ಶಾಖೆ. ಸಣ್ಣ ಕೆಲಸಗಳೇ. ಆದರೆ ಶೌಚಾಲಯ ಇಲ್ಲದ ಬೀಚಿಗೆ ಮಕ್ಕಳನ್ನು ಕರ್ಕೊಂಡು ಹೋದವರನ್ನು ಕೇಳಿ ನೋಡಿ, ಯಾವುದು ಸಣ್ಣದು ಅಂತ.

ವ್ಯಾಪಾರಿ ಮೇಯರ್ ಆದರೆ ಊರನ್ನೇ ಅಂಗಡಿ ಮಾಡಿಬಿಡ್ತಾರೆ ಅನ್ನುವ ಭಯ ಸಹಜ. ನನಗೂ ಆ ಭಯ ಇದೆ. ಅದಕ್ಕೇ ಮಿಷನ್ ರಾಂಚ್ ವಿಷಯ ಮುಖ್ಯ ಅನ್ಸುತ್ತೆ. ಹಳೇ ಹೈನುಗಾರಿಕೆಯ ಜಾಗ, 22 ಎಕರೆ. ಅಲ್ಲಿ ಅಪಾರ್ಟ್‌ಮೆಂಟ್ ಮನೆಗಳನ್ನು ಕಟ್ಟುವ ಯೋಜನೆ ತಯಾರಾಗಿತ್ತು. 1986ರಲ್ಲೇ ಈಸ್ಟ್‌ವುಡ್ ಸ್ವಂತ ದುಡ್ಡಲ್ಲಿ, ಸುಮಾರು 50 ಲಕ್ಷ ಡಾಲರ್ ಕೊಟ್ಟು ಅದನ್ನು ಕೊಂಡರು. ಹಳೇ ಕಟ್ಟಡಗಳನ್ನು ಕೆಡವದೆ ರಿಪೇರಿ ಮಾಡಿಸಿ ಹೋಟೆಲ್ ನಡೆಸಿದರು. ಅದೂ ವ್ಯಾಪಾರವೇ, ನಿಜ.

1988ರಲ್ಲಿ ಅವರು ಮತ್ತೆ ಚುನಾವಣೆಗೆ ನಿಲ್ಲಲಿಲ್ಲ.

[ದೃಶ್ಯ: ಮಿಷನ್ ರಾಂಚ್, ಸಂಜೆ]

ಆ ಹೋಟೆಲಿನ ಮುಂದೆ ಹುಲ್ಲುಗಾವಲು ಹಾಗೇ ಇದೆ. ಕುರಿಗಳು ಮೇಯುತ್ತವೆ, ಅವುಗಳ ಆಚೆ ಕಡಲು ಕಾಣುತ್ತದೆ.